ಕ್ಯಾರಿ ಗ್ರಾಂಟ್ ಮತ್ತು ಕಾರಾಪುರದ ಹುಡುಗ

ಮೈಸೂರು, ಸರಸ್ವತಿಪುರಂ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಾಕಿದ ‘ನಟೋರಿಯಸ್’ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಕರೆಂಟು ಹೋಗಿದೆ. ಮಾವನಿಗೆ ಎಪ್ಪತ್ತಾರು ವರ್ಷ. ಬೆಂಗಳೂರಿನಲ್ಲಿ ಓದುವಾಗ ಪ್ಲಾಜಾ, ರೆಕ್ಸ್, ಬಿ.ಆರ್.ವಿ. ಅಂತ ದಂಡಿನ ಕಡೆಯ ಟಾಕೀಸುಗಳಲ್ಲಿ ಇಂಗ್ಲಿಷ್ ಪಿಕ್ಚರ್ ನೋಡಿ ಪರೀಕ್ಷೆ ಕೆಡಿಸಿಕೊಂಡವರು. ಸೊಸೆ ಅಂದರೆ ಅವರ ತಂಗಿಯ ಮಗಳು. ಅವಳು ಹಳೇ ಹಾಲಿವುಡ್ಡನ್ನು ನೋಡಿದ್ದೆಲ್ಲ ಲ್ಯಾಪ್‌ಟಾಪಿನಲ್ಲಿ, ಮಾವನಿಗಿಂತ ಹೆಚ್ಚಾಗಿ, ಮಾವನಿಗಿಂತ ಚೊಕ್ಕವಾದ ಪ್ರಿಂಟಿನಲ್ಲಿ. ಅತ್ತೆ ಒಳಗೆ ಮಲಗಿದ್ದಾರೆ. ಆದ್ದರಿಂದ ಜಗಳ ಮೆಲುದನಿಯಲ್ಲಿ ಶುರುವಾಗುತ್ತದೆ.

ಸೊಸೆ: ಹೋಗೋದು ಹೋಯ್ತು, ಸರಿಯಾಗಿ ಮೆಟ್ಟಿಲ ಮೇಲೇ ನಿಲ್ಲಿಸಿ ಹೋಯ್ತಲ್ಲ ಮಾವ!

ಮಾವ: ನಿಂತರೆ ನಿಲ್ಲಲಿ ಬಿಡು. ಮುಂದೇನು ಅಂತ ನನಗೂ ಗೊತ್ತು, ನಿನಗೂ ಗೊತ್ತು. ಗ್ರಾಂಟು ಬರ್ಗ್‌ಮನ್‌ಳನ್ನ ತಬ್ಬಿ ಹಿಡಿದು ಕೆಳಗಿಳಿಸ್ತಾನೆ, ಕಾರು ಹತ್ತಿಸ್ತಾನೆ, ಹೊರಟುಹೋಗ್ತಾನೆ.

ಸೊಸೆ: ನೀವು ಹೇಳಿದ್ದರಲ್ಲಿ ಒಬ್ಬನನ್ನ ಬಿಟ್ಟೇಬಿಟ್ರಿ.

ಮಾವ: ಯಾರನ್ನ?

ಸೊಸೆ: ಕ್ಲಾಡ್ ರೇನ್ಸ್‌ನ. ಆ ಮೆಟ್ಟಿಲು ಪೂರ್ತಿ ಅವನದು. ಹೆಂಡತಿ ಗೂಢಚಾರಿಣಿ ಅಂತ ಗೊತ್ತಾಗಿ ಕಾಫಿಯಲ್ಲಿ ವಿಷ ಹಾಕ್ತಿರೋ ಗಂಡ. ಕೆಳಗೆ ಹಜಾರದಲ್ಲಿ ಅವನ ನಾಜಿ ಸ್ನೇಹಿತರು ನಿಂತು ನೋಡ್ತಿದ್ದಾರೆ. ಬಾಯಿಬಿಟ್ಟರೆ ಇವನ ತಲೆ ಹೋಗುತ್ತೆ. ಅದಕ್ಕೇ ತನ್ನ ಹೆಂಡತಿಯನ್ನ ಹೊತ್ತೊಯ್ಯುತ್ತಿರೋನ ಪಕ್ಕದಲ್ಲೇ, ತಾನೂ ಆಸ್ಪತ್ರೆಗೆ ಹೊರಟವನ ಹಾಗೆ ನಡೀಬೇಕು. ಒಂದೊಂದು ಮೆಟ್ಟಿಲಿಗೂ ಅವನ ಮುಖ ಒಂದೊಂದು ವರ್ಷ ಮುದುಕಾಗುತ್ತೆ. ಹೊರಗೆ ಬಂದರೆ ಕಾರಿನ ಬಾಗಿಲಿಗೆ ಗ್ರಾಂಟು ಒಳಗಿಂದ ಚಿಲಕ ಹಾಕ್ತಾನೆ. ಇವನು ಅಂಗಲಾಚ್ತಾನೆ. ಕಾರು ಹೋಗುತ್ತೆ. ಹಿಂದೆ ಬಾಗಿಲಲ್ಲಿ ನಿಂತವನು ಕರೀತಾನೆ. ಆಮೇಲೆ ನಮಗೆ ಕಾಣೋದು ರೇನ್ಸ್‌ನ ಬೆನ್ನು ಮಾತ್ರ. ಆ ಬೆನ್ನು ಬಾಗಿಲ ಕಡೆ ಹತ್ತಿಹೋಗುತ್ತೆ, ಬಾಗಿಲು ಮುಚ್ಚುತ್ತೆ, ಪಿಕ್ಚರ್ ಮುಗೀತು. ಖಳನಾಯಕನ ಬೆನ್ನು ನೋಡಿ ಕರುಳು ಚುರುಕ್ ಅನ್ನೋದು ಇನ್ನೆಲ್ಲಾದರೂ ಆಗಿದೆಯಾ ನಿಮಗೆ?

ಮಾವ: ಬೆನ್ನಿನ ವಿಷಯ ನೀನೇ ತೆಗೆದೆ. ಅದೇ ಪಿಕ್ಚರಿನಲ್ಲಿ ಗ್ರಾಂಟು ಮೊದಲು ಬರೋದು ಹೇಗೆ? ಬರ್ಗ್‌ಮನ್ ಮನೆಯ ಪಾರ್ಟಿ. ಒಬ್ಬ ಕೂತಿದ್ದಾನೆ, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಕತ್ತಲೆಯಲ್ಲಿ. ಮಾತಿಲ್ಲ, ಅಲ್ಲಾಡೋದೂ ಇಲ್ಲ. ಟಾಕೀಸಿನಲ್ಲಿದ್ದ ಅಷ್ಟೂ ಜನಕ್ಕೆ ಅದು ಯಾರು ಅಂತ ಗೊತ್ತು. ಬೆನ್ನೊಂದರಿಂದಲೇ ಗುರುತು ಹಿಡಿಸಿಕೊಳ್ಳೋನು ಸ್ಟಾರು ಕಣೇ.

ಸೊಸೆ: ಗುರುತು ಸಿಗೋದು ನಟನೆ ಆಗುತ್ತಾ? ನಮ್ಮ ಬೀದಿಯ ಹಾಲಿನವನ ಬೆನ್ನೂ ನನಗೆ ಗುರುತು ಸಿಗುತ್ತೆ.

ಮಾವ: ಬಾಯಿ ಜೋರು. ನಿನ್ನ ತಕರಾರು ಏನು ಹೇಳು.

ಸೊಸೆ: ತಕರಾರು ಇಷ್ಟೇ. ಗ್ರಾಂಟ್, ಬೋಗಾರ್ಟ್, ಗ್ಯಾರಿ ಕೂಪರ್, ಜೇಮ್ಸ್ ಸ್ಟುವರ್ಟ್: ಇವರೆಲ್ಲ ಒಂದೇ ಮುಖದವರು. ಕಥೆ ಬದಲಾಗುತ್ತೆ, ಕೋಟು ಬದಲಾಗುತ್ತೆ, ಮನುಷ್ಯ ಬದಲಾಗಲ್ಲ. ರೇನ್ಸ್‌ನ ನೋಡಿ. 1933ರ ‘ದಿ ಇನ್‌ವಿಸಿಬಲ್ ಮ್ಯಾನ್’ನಲ್ಲಿ ಕೊನೇ ಗಳಿಗೆವರೆಗೂ ಮುಖವೇ ಕಾಣಲ್ಲ, ಬರೀ ಗಂಟಲಲ್ಲಿ ಹುಚ್ಚು ಹಿಡಿಸಿದ. ‘ಮಿಸ್ಟರ್ ಸ್ಮಿತ್’ನಲ್ಲಿ ಕೊಳೆತ ಸೆನೆಟರು, ‘ಕಾಸಾಬ್ಲಾಂಕಾ’ದಲ್ಲಿ ಲಂಚಕೋರ ಪೊಲೀಸು, ಇಲ್ಲಿ ಅಮ್ಮನ ಮಗ. ಒಂದು ಕಣ್ಣು ಮೊದಲ ಮಹಾಯುದ್ಧದ ವಿಷಾನಿಲಕ್ಕೆ ಹೆಚ್ಚುಕಡಿಮೆ ಹೋಗಿತ್ತು. ನಮ್ಮ ಬಾಲಕೃಷ್ಣ ಕಿವಿ ಸರಿಯಾಗಿ ಕೇಳದೆ ಅಷ್ಟು ಪಾತ್ರ ಮಾಡಿದ ಹಾಗೆ. ನಾಲ್ಕು ಸಲ ಸಹನಟನ ಆಸ್ಕರ್‌ಗೆ ಹೆಸರು ಬಂತು, ಒಂದು ಸಲವೂ ಕೊಡಲಿಲ್ಲ. ಕೊಡಬೇಕಾದವರು ನಿಮ್ಮ ಹಾಗೆ ಗ್ರಾಂಟನ ಬೆನ್ನು ನೋಡ್ತಾ ಕೂತಿದ್ದರು ಅಂತ ಕಾಣುತ್ತೆ.

ಮಾವ: ಗ್ರಾಂಟಿಗೂ ಕೊಡಲಿಲ್ಲ ಮಗು. ಎಲ್ಲ ಮುಗಿದ ಮೇಲೆ 1970ರಲ್ಲಿ ಒಂದು ಗೌರವದ ಆಸ್ಕರ್ ಕೊಟ್ಟು ಕೈ ತೊಳೆದುಕೊಂಡರು. ಅವನು ನಟಿಸ್ತಿದ್ದಾನೆ ಅಂತಲೇ ಯಾರಿಗೂ ಅನ್ನಿಸಲಿಲ್ಲವಲ್ಲ, ಅದೇ ಅವನ ಗ್ರಹಚಾರ. ಅವನೇನು ಹುಟ್ಟಾ ಸಾಹೇಬನೇ? ಬ್ರಿಸ್ಟಲ್ಲಿನ ಬಡವರ ಮನೆ ಹುಡುಗ, ಆರ್ಚಿಬಾಲ್ಡ್ ಲೀಚ್. ದೊಂಬರಾಟದ ತಂಡ ಸೇರಿಕೊಂಡು 1920ರಲ್ಲಿ ಅಮೆರಿಕಕ್ಕೆ ಹೋದ. ಆ ನಡಿಗೆ, ಆ ಮಾತಿನ ರಾಗ, ಆ ಕೋಟು ಹಾಕಿಕೊಳ್ಳೋ ವೈಖರಿ, ಎಲ್ಲ ಕಲಿತು ಕಟ್ಟಿಕೊಂಡದ್ದು. ಕ್ಯಾರಿ ಗ್ರಾಂಟ್ ಅನ್ನೋದೇ ಒಂದು ಪಾತ್ರ. ಮೂವತ್ತು ವರ್ಷ ಬಣ್ಣ ತೆಗೆಯದೆ ಆಡಿದ.

ಸೊಸೆ: ಚೆನ್ನಾಗಿ ಹೇಳಿದ್ರಿ. ಆದರೆ ಆ ಪಾತ್ರ ಕಥೆಯನ್ನೇ ತಿಂದುಹಾಕುತ್ತಲ್ಲ, ಅದಕ್ಕೇನಂತೀರಿ? 1941ರ ‘ಸಸ್ಪಿಶನ್’. ಕಾದಂಬರಿಯಲ್ಲಿ ಗಂಡ ಕೊಲೆಗಾರ. ಗ್ರಾಂಟು ಹಾಲಿನ ಲೋಟ ಹಿಡಿದು ಕತ್ತಲೆಯಲ್ಲಿ ಮೆಟ್ಟಿಲು ಹತ್ತಿ ಬರ್ತಾನೆ. ಲೋಟ ಹೊಳೀಲಿ ಅಂತ ಹಿಚ್‌ಕಾಕ್ ಹಾಲಿನೊಳಗೇ ಒಂದು ಸಣ್ಣ ಬಲ್ಬು ಇಡಿಸಿದ್ದ. ಇಷ್ಟು ಮಾಡಿ ಕೊನೆಗೆ? ಅಯ್ಯೋ ಅದು ಬರೀ ಹಾಲು, ಹೆಂಡತಿಗೇ ಭ್ರಮೆ! ಕ್ಯಾರಿ ಗ್ರಾಂಟ್ ಕೊಲೆಗಾರನಾದರೆ ಜನ ಒಪ್ಪಲ್ಲ ಅಂತ ಕಥೆಯ ಕತ್ತು ಹಿಸುಕಿದರು.

ಮಾವ: ಆ ಕೊನೆ ಪೊಳ್ಳು. ಒಪ್ಪಿಕೊಂಡೆ. ಆದರೆ ಆ ಲೋಟ ನೋಡುವಾಗ ನಿನ್ನೆದೆ ಹೊಡೆದುಕೊಂಡದ್ದು ಯಾಕೆ? ಹಿಡಿದಿರೋನು ಗ್ರಾಂಟ್ ಅಂತ. ಯಾವನೋ ಕಪ್ಪು ಮೀಸೆಯ ಖಳ ಹಿಡಿದಿದ್ದರೆ ಅದರಲ್ಲಿ ವಿಷ ಇದೆ ಅಂತ ಮಕ್ಕಳಿಗೂ ಗೊತ್ತಾಗ್ತಿತ್ತು. ಸ್ಟಾರಿನ ಮುಖದ ಮೇಲೆ ಜನ ಇಪ್ಪತ್ತು ಪಿಕ್ಚರಿನ ನಂಬಿಕೆ ಇಟ್ಟಿರ್ತಾರೆ. ಜಾಣ ನಿರ್ದೇಶಕ ಆ ನಂಬಿಕೆಗೇ ಕೈ ಹಾಕ್ತಾನೆ. ಹೆನ್ರಿ ಫೋಂಡಾ ಗೊತ್ತಲ್ಲ, ಹಾಲಿವುಡ್ಡಿನ ಧರ್ಮರಾಯ. 1968ರಲ್ಲಿ ಸೆರ್ಜಿಯೊ ಲಿಯೋನೆ ಅವನನ್ನ ಕಟುಕನ ಪಾತ್ರಕ್ಕೆ ಕರೆಸಿದ. ಪಾಪ, ಫೋಂಡಾ ಮೀಸೆ ಬಿಟ್ಟುಕೊಂಡು, ಕಣ್ಣಿಗೆ ಕಂದು ಬಣ್ಣದ ಲೆನ್ಸ್ ಹಾಕಿಕೊಂಡು ಬಂದ, ಖಳನ ಹಾಗೆ ಕಾಣಲಿ ಅಂತ. ಲಿಯೋನೆ ಅಷ್ಟನ್ನೂ ತೆಗೆಸಿದ. ಆ ನೀಲಿ ಕಣ್ಣೇ ಬೇಕಿತ್ತು ಅವನಿಗೆ. ಮಗುವಿಗೆ ಗುಂಡು ಹೊಡೆಯೋನ ಮುಖದ ಕಡೆ ಕ್ಯಾಮೆರಾ ತಿರುಗಿದಾಗ, ನಮ್ಮ ಫೋಂಡಾ!

ಸೊಸೆ: ಅದು ಲಿಯೋನೆಯ ಜಾಣತನ. ಫೋಂಡಾದು ಬರೀ ಕಣ್ಣು.

ಮಾವ: ಸರಿ. ನಿನ್ನ ನಿಜವಾದ ನಟ ಯಾರು, ಹೆಸರಿಸು.

ಸೊಸೆ: ಫ್ರೆಡ್ರಿಕ್ ಮಾರ್ಚ್. ಪಾಲ್ ಮುನಿ. ಮಾರ್ಚ್ 1931ರಲ್ಲಿ ಜೆಕಿಲ್ ಹೈಡ್ ಮಾಡಿದ್ದು ನೋಡಿ. ಕಟ್ ಇಲ್ಲ, ಒಂದೇ ಶಾಟ್. ನೋಡ್ತಾ ನೋಡ್ತಾ ಸಂಭಾವಿತನ ಮುಖ ಕಪ್ಪಾಗಿ, ಕಣ್ಣ ಕೆಳಗೆ ಗೆರೆ ಮೂಡಿ, ಹೊಳ್ಳೆ ಅರಳಿ…

ಮಾವ: ಫಿಲ್ಟರು! ಮುಖಕ್ಕೆ ಕೆಂಪು ಬಣ್ಣ ಬಳಿದು, ಲೆನ್ಸಿನ ಮುಂದೆ ಅದೇ ಬಣ್ಣದ ಫಿಲ್ಟರು ಹಿಡಿದರೆ ಕಪ್ಪುಬಿಳುಪು ಫಿಲ್ಮಿನಲ್ಲಿ ಆ ಬಣ್ಣ ಕಾಣಲ್ಲ. ಫಿಲ್ಟರು ಬದಲಾಯಿಸಿದರೆ ಮುಖದಲ್ಲಿ ಮಸಿ ಮೂಡುತ್ತೆ. ನಿರ್ದೇಶಕ ಮಾಮೂಲಿಯನ್ ಎಷ್ಟೋ ವರ್ಷ ಆ ಗುಟ್ಟು ಬಿಟ್ಟುಕೊಡಲಿಲ್ಲ. ನೀನು ನಟನೆ ಅಂತಿರೋದು ಗಾಜಿನ ಕೆಲಸ.

ಸೊಸೆ: ಬಣ್ಣ ಗಾಜಿಂದು. ಆ ಹೊಳ್ಳೆ, ಆ ಕತ್ತಿನ ಸೆಳೆತ ಯಾರದ್ದು?

ಮಾವ: ಅದೂ ನಿಜ. ಆದರೆ ಒಳಗಿಂದ ಬದಲಾಗೋದು ಅಂದರೆ ನಾನು ತೋರಿಸ್ತೀನಿ, ನಿನ್ನ ಒಂದೇ ಮುಖದ ಪಟ್ಟಿಯಿಂದಲೇ. ಜೇಮ್ಸ್ ಸ್ಟುವರ್ಟ್. ಯುದ್ಧಕ್ಕೆ ಮೊದಲು ಅವನು ಏನು? ಉದ್ದಕ್ಕೆ ಬೆಳೆದ, ತೊದಲೋ, ಒಳ್ಳೇ ಮನೆತನದ ಹುಡುಗ. 1941ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ ಬಾಂಬರ್ ಹಾರಿಸ್ತಾ ಯೂರೋಪಿನ ಮೇಲೆ ಇಪ್ಪತ್ತು ಸಲ ದಾಳಿಗೆ ಹೋದ. ಕರ್ನಲ್ ಆಗಿ ವಾಪಸ್ ಬಂದು ಮಾಡಿದ ಮೊದಲ ಪಿಕ್ಚರು ‘ಇಟ್ಸ್ ಎ ವಂಡರ್‌ಫುಲ್ ಲೈಫ್’. ಅದರಲ್ಲಿ ಬಾರಿನಲ್ಲಿ ಕೂತು ದೇವರನ್ನ ಬೇಡಿಕೊಳ್ಳೋ ದೃಶ್ಯ ಇದೆ ನೋಡು, ಮುಂದಿನ ಸಲ ಗಮನ ಇಟ್ಟು ನೋಡು, ಇದ್ದಕ್ಕಿದ್ದಂತೆ ಮರಳು ಎರಚಿದ ಹಾಗೆ ಚಿತ್ರ ಒರಟಾಗುತ್ತೆ. ಯಾಕೆ ಗೊತ್ತಾ? ಕ್ಯಾಮೆರಾ ದೂರದಲ್ಲಿತ್ತು. ಸ್ಟುವರ್ಟ್ ಹೇಳಬೇಕಾದ ಮಾತು ಹೇಳ್ತಾ ಹೇಳ್ತಾ ನಿಜವಾಗಿಯೇ ಅತ್ತುಬಿಟ್ಟ. ಹತ್ತಿರ ಇಟ್ಟು ಇನ್ನೊಂದು ಸಲ ತೆಗೆಯೋಣ ಅಂದರೆ ಅದು ಮತ್ತೆ ಬರಲ್ಲ ಅಂತ ನಿರ್ದೇಶಕ ಕಾಪ್ರಾಗೆ ಗೊತ್ತಾಯ್ತು. ದೂರದ ಶಾಟನ್ನೇ ಲ್ಯಾಬಿನಲ್ಲಿ ದೊಡ್ಡದು ಮಾಡಿಸಿ ಕ್ಲೋಸಪ್ ಮಾಡಿದ. ಆ ಮರಳು ಸ್ಟುವರ್ಟನ ಅಳುವಿಗೆ ಕಾಪ್ರಾ ಕೊಟ್ಟ ಬೆಲೆ.

ಸೊಸೆ: ಇದು ಗೊತ್ತಿರಲಿಲ್ಲ. ಪ್ರಿಂಟು ಸರಿಯಿಲ್ಲ ಅಂದುಕೊಂಡಿದ್ದೆ.

ಮಾವ: ನಿಮ್ಮ ಚೊಕ್ಕ ಪ್ರಿಂಟಿನವರಿಗೆ ಹಾಗೇ ಅನ್ನಿಸುತ್ತೆ. ಇನ್ನೂ ಹನ್ನೆರಡು ವರ್ಷ ಬಿಟ್ಟು ಬಾ, ‘ವರ್ಟಿಗೊ’. ಅದೇ ಉದ್ದನೆ ಮನುಷ್ಯ, ಅದೇ ತೊದಲು, ಅದೇ ನೀಲಿ ಕಣ್ಣು. ಸತ್ತವಳ ಹಾಗೆ ಕಾಣಬೇಕು ಅಂತ ಒಬ್ಬ ಬಡಪಾಯಿ ಅಂಗಡಿ ಹುಡುಗಿಗೆ ಸೀರೆ ಆರಿಸಿದ ಹಾಗೆ ಸೂಟು ಆರಿಸ್ತಾನೆ, ಕೂದಲಿಗೆ ಬಣ್ಣ ಹಾಕಿಸ್ತಾನೆ. ಹೋಟೆಲ್ ರೂಮಿನ ಕಿಟಕಿಯಾಚೆ ಹಸಿರು ನಿಯಾನ್ ದೀಪ. ಅವಳು ತುರುಬು ಕಟ್ಟಿಕೊಂಡು ಬಚ್ಚಲುಮನೆಯಿಂದ ಆ ಹಸಿರಿನಲ್ಲಿ ದೆವ್ವದ ಹಾಗೆ ಹೊರಗೆ ಬರ್ತಾಳೆ. ಹಿಚ್‌ಕಾಕ್ ಅವಳನ್ನ ತೋರಿಸಿ ತಕ್ಷಣ ಸ್ಟುವರ್ಟನ ಮುಖ ತೋರಿಸ್ತಾನೆ. ಹಸಿದವನ ಮುಖ ಅದು. ಕಣ್ಣಲ್ಲಿ ನೀರಿದೆ, ಕರುಣೆ ಇಲ್ಲ. ಯಾರೋ ಕಾಮುಕ ಅಂತ ನಾವು ದೂರ ಕೂರೋ ಹಾಗಿಲ್ಲ. ಯಾಕಂದರೆ ಅವನು ‘ಮಿಸ್ಟರ್ ಸ್ಮಿತ್’ನ ನಾಯಕ. ಇಪ್ಪತ್ತು ವರ್ಷ ನಾವು ನಂಬಿದ ಮನುಷ್ಯ. ನಿನ್ನ ಪಾಲ್ ಮುನಿ ಗಡ್ಡ ಅಂಟಿಸಿಕೊಂಡು ಇದನ್ನ ಮಾಡಲಿ ನೋಡೋಣ.

ಸೊಸೆ: ‘ವರ್ಟಿಗೊ’ ಬಿಟ್ಟುಕೊಟ್ಟೆ. ಆದರೆ ಅದು ನಾಯಕ ಅನ್ನಿಸಿಕೊಂಡವನಿಗೆ ಸಿಗೋ ಸೌಕರ್ಯ. ಎರಡು ಗಂಟೆ ಅವನ ಮುಖವನ್ನೇ ತೋರಿಸ್ತೀರಿ, ಒಳಗಿರೋದು ಇವತ್ತಲ್ಲ ನಾಳೆ ಹೊರಗೆ ಬರುತ್ತೆ. ಹತ್ತು ನಿಮಿಷದಲ್ಲಿ ಇಡೀ ಜನ್ಮ ತೋರಿಸಬೇಕಾದವರ ಗತಿ? ಥೆಲ್ಮಾ ರಿಟ್ಟರ್.

ಮಾವ: ಆಹಾ. ‘ರಿಯರ್ ವಿಂಡೋ’ದ ನರ್ಸಮ್ಮ.

ಸೊಸೆ: ಅದು ತಮಾಷೆಯದು. ನಾನು ಹೇಳ್ತಿರೋದು ಸ್ಯಾಮ್ಯುಯೆಲ್ ಫುಲ್ಲರನ ‘ಪಿಕಪ್ ಆನ್ ಸೌತ್ ಸ್ಟ್ರೀಟ್’, 1953. ಬೀದಿಯಲ್ಲಿ ಟೈ ಮಾರೋ ಮುದುಕಿ, ಜೇಬುಗಳ್ಳರ ಸುದ್ದಿ ಪೊಲೀಸರಿಗೆ ಮಾರೋದು ಅವಳ ಉಪಕಸುಬು. ಎಲ್ಲ ದುಡ್ಡೂ ಕೂಡಿಡೋದು ತನ್ನ ಹೆಣಕ್ಕೆ ಒಂದು ಒಳ್ಳೇ ಜಾಗ ಕೊಳ್ಳೋಕೆ, ಅನಾಥಹೆಣಗಳ ಜೊತೆ ಹೂಳಬಾರದು ಅಂತ. ಒಂದು ರಾತ್ರಿ ರೂಮಿಗೆ ಬರ್ತಾಳೆ. ಚಪ್ಪಲಿ ಬಿಚ್ಚಬೇಕಾದರೆ ಒಂದು ಉಸಿರು ಬಿಡ್ತಾಳೆ ನೋಡಿ ಮಾವ, ನಮ್ಮಜ್ಜಿ ದೇವಸ್ಥಾನಕ್ಕೆ ಹೋಗಿಬಂದು ಜಗುಲಿ ಮೇಲೆ ಕೂತಾಗ ಬಿಡ್ತಿದ್ದರಲ್ಲ, ಅದೇ ಉಸಿರು. ಗ್ರಾಮಫೋನಿಗೆ ಒಂದು ತಟ್ಟೆ ಹಾಕ್ತಾಳೆ. ಆಮೇಲೆ ನೋಡಿದರೆ ರೂಮಿನಲ್ಲಿ ಪಿಸ್ತೂಲು ಹಿಡಿದವನೊಬ್ಬ ಇದ್ದಾನೆ. ಜೇಬುಗಳ್ಳನ ವಿಳಾಸ ಬೇಕು ಅವನಿಗೆ. ಜೀವಮಾನವಿಡೀ ವಿಳಾಸ ಮಾರಿದವಳು ಆ ಒಂದು ವಿಳಾಸ ಮಾರಲ್ಲ. ತುಂಬಾ ಸುಸ್ತಾಗಿದೆ ಅಂತಾಳೆ, ಅಷ್ಟೇ. ಕ್ಯಾಮೆರಾ ಅವಳನ್ನ ಬಿಟ್ಟು ಗ್ರಾಮಫೋನಿನ ಹತ್ತಿರ ಹೋಗುತ್ತೆ. ತಟ್ಟೆ ಮುಗಿಯುತ್ತೆ, ಮುಳ್ಳು ಸುಮ್ಮನೆ ತಿರುಗ್ತಿರುತ್ತೆ, ಗುಂಡಿನ ಸದ್ದು. ಇಂಥವಳಿಗೆ ಆರು ಸಲ ಹೆಸರು ಬಂದು ಆರು ಸಲವೂ ಆಸ್ಕರ್ ಇಲ್ಲ.

(ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫ್ಲಾಸ್ಕಿನಿಂದ ಇಬ್ಬರಿಗೂ ಕಾಫಿ ಬಗ್ಗಿಸಿದರು. ವಾದದಲ್ಲಿ ಸೋಲುವಾಗ ಅವರು ಮಾಡುವ ಮೊದಲ ಕೆಲಸ ಇದು. ಎರಡನೆಯದು, ಹಳೇ ಮಾತನ್ನು ಕೆದಕುವುದು.)

ಮಾವ: ಪಾಲ್ ಮುನಿ ಅಂದೆಯಲ್ಲ.

ಸೊಸೆ: ಅಂದೆ. ‘ಸ್ಕಾರ್‌ಫೇಸ್’ನ ರೌಡಿ, ಲೂಯಿ ಪಾಶ್ಚರ್, ಎಮಿಲ್ ಜೋಲಾ. ಒಂದರಲ್ಲಿದ್ದವನು ಇನ್ನೊಂದರಲ್ಲಿ ಇಲ್ಲ.

ಮಾವ: ‘ದಿ ಗುಡ್ ಅರ್ಥ್’ ಬಿಟ್ಟೆ.

ಸೊಸೆ: …

ಮಾವ: 1937. ಪರ್ಲ್ ಬಕ್ ಕಾದಂಬರಿ. ಚೀನಾದ ರೈತನಾಗಿ ನಿನ್ನ ಪಾಲ್ ಮುನಿ, ಕಣ್ಣಿನ ರೆಪ್ಪೆಗೆ ಏನೇನೋ ಅಂಟಿಸಿಕೊಂಡು. ಅವನ ಹೆಂಡತಿಯಾಗಿ ಜರ್ಮನಿಯಿಂದ ಬಂದ ಲೂಯಿಸ್ ರೈನರ್. ಆಸ್ಕರೂ ಬಂತು ಅವಳಿಗೆ. ಬದಲಾಗೋ ಮುಖ ಅಂದರೆ ಇದೂ ಸೇರಿತು, ಅಲ್ವಾ? ಎಲ್ಲರ ಮುಖವನ್ನೂ ನಾನೇ ಹಾಕಿಕೊಳ್ತೀನಿ ಅನ್ನೋದು.

ಸೊಸೆ: ಏಟು ಸರಿಯಾದ ಜಾಗಕ್ಕೇ ಬಿತ್ತು ಮಾವ. ಆ ಹೆಂಡತಿಯ ಪಾತ್ರ ಆನಾ ಮೇ ವಾಂಗ್‌ಗೆ ಸಿಗಬೇಕಿತ್ತು. ಲಾಸ್ ಏಂಜಲೀಸಿನಲ್ಲೇ ಹುಟ್ಟಿದವಳು, ಅಪ್ಪನದು ಬಟ್ಟೆ ಒಗೆಯೋ ಅಂಗಡಿ. ‘ಶಾಂಘೈ ಎಕ್ಸ್‌ಪ್ರೆಸ್’ನಲ್ಲಿ ಡೀಟ್ರಿಚ್ ಪಕ್ಕದಲ್ಲಿ ನಿಂತು ಡೀಟ್ರಿಚ್‌ಳನ್ನೇ ಮಂಕು ಮಾಡಿದವಳು. ಗಂಡನ ಪಾತ್ರಕ್ಕೆ ಬಿಳಿಯ ನಟ ಗೊತ್ತಾದ ಮೇಲೆ ಹೆಂಡತಿ ಚೀನೀ ಮೂಲದವಳಾಗೋಹಾಗಿರಲಿಲ್ಲ. ತೆರೆಯ ಮೇಲೂ ಬಣ್ಣ ಬೆರೆಯಬಾರದು ಅಂತ ಸ್ಟುಡಿಯೋಗಳಿಗೆ ಅಷ್ಟು ಭಯ. ಅವಳಿಗೆ ಕೊಡ್ತೀವಿ ಅಂದದ್ದು ಮನೆಮುರುಕ ಎರಡನೇ ಹೆಂಡತಿಯ ಪಾತ್ರ. ಅವಳು ಒಲ್ಲೆ ಅಂದಳು. ಕೊನೆಗೆ 2022ರಲ್ಲಿ ಅಮೆರಿಕದ ಕಾಲು ಡಾಲರಿನ ನಾಣ್ಯದ ಮೇಲೆ ಅವಳ ಮುಖ ಅಚ್ಚು ಹಾಕಿದ್ದಾರೆ.

ಮಾವ: ನಾಣ್ಯಕ್ಕಾದರೆ ಮುಖ ಸರಿಹೋಯ್ತು!

ಸೊಸೆ: ಹ್ಯಾಟಿ ಮೆಕ್‌ಡೇನಿಯಲ್ ಕಥೆಯೂ ಅದೇ. ‘ಗಾನ್ ವಿತ್ ದ ವಿಂಡ್’ ಅಟ್ಲಾಂಟಾದಲ್ಲಿ ಬಿಡುಗಡೆಯಾದಾಗ ಅದರಲ್ಲಿ ನಟಿಸಿದ್ದ ಅವಳೇ ಅಲ್ಲಿಗೆ ಬರೋಹಾಗಿರಲಿಲ್ಲ, ಊರಿನ ಕಾನೂನು. ಎರಡೂವರೆ ತಿಂಗಳಿಗೆ, 1940ರ ಫೆಬ್ರುವರಿ 29ಕ್ಕೆ, ಆಸ್ಕರ್ ಗೆದ್ದಳು, ಕಪ್ಪು ಜನರಲ್ಲಿ ಮೊದಲನೆಯವಳು. ಅಂದು ರಾತ್ರಿ ಅಂಬಾಸಡರ್ ಹೋಟೆಲಿನಲ್ಲಿ ಚಿತ್ರದ ಉಳಿದವರ ಜೊತೆ ಕೂರಿಸಲಿಲ್ಲ, ಗೋಡೆಯ ಕಡೆ ಒಂದು ಸಣ್ಣ ಮೇಜು ಹಾಕಿದ್ದರು. ಅಲ್ಲಿಂದ ಎದ್ದುಬಂದು ಬಹುಮಾನ ತಗೊಂಡು ಅಲ್ಲಿಗೇ ವಾಪಸ್ ಹೋಗಿ ಕೂತಳು. ಮುಂದೆಯೂ ಸಿಕ್ಕ ಪಾತ್ರ ಮನೆಗೆಲಸದವಳದೇ.

ಮಾವ: ನನ್ನ ‘ಕಾಸಾಬ್ಲಾಂಕಾ’ದಲ್ಲೂ ಅದೇ ಇದೆ, ಸ್ವಲ್ಪ ಬೇರೆ ಥರ. ಹೆಸರು ಹಾಕಿರೋ ನಟರಲ್ಲಿ ಅಮೆರಿಕದಲ್ಲಿ ಹುಟ್ಟಿದವರು ಮೂರೇ ಜನ. ಉಳಿದವರಲ್ಲಿ ಹೆಚ್ಚಿನವರು ಯೂರೋಪಿನವರು, ಅವರಲ್ಲಿ ಎಷ್ಟೋ ಜನ ಹಿಟ್ಲರನ ಕಾಲಕ್ಕೆ ಊರು ಬಿಟ್ಟವರು. ಹೋಟೆಲಿನಲ್ಲಿ ಫ್ರೆಂಚ್ ರಾಷ್ಟ್ರಗೀತೆ ಹಾಡುವಾಗ ಕಣ್ಣೀರು ಸುರಿಸ್ತಾಳಲ್ಲ ಒಬ್ಬ ಹುಡುಗಿ, ಮ್ಯಾಡ್ಲೀನ್ ಲೆಬೋ, ಅವಳು 1940ರಲ್ಲಿ ನಿಜವಾಗಿ ಫ್ರಾನ್ಸಿನಿಂದ ತಪ್ಪಿಸಿಕೊಂಡು ಬಂದವಳು. ಇನ್ನು ಕಾನ್ರಾಡ್ ವೈಟ್. ಹೆಂಡತಿ ಯಹೂದಿ ಅಂತ ಜರ್ಮನಿ ಬಿಟ್ಟವನು. ಹಾಲಿವುಡ್ಡಿನಲ್ಲಿ ಅವನ ಉಚ್ಚಾರಣೆ ಕೇಳಿ ಕೊಟ್ಟ ಪಾತ್ರ ಯಾವುದು? ನಾಜಿ ಮೇಜರ್.

ಸೊಸೆ: ಹಾಗಾದರೆ ಮಾವ, ನಾವು ಇಷ್ಟು ಹೊತ್ತು ಜಗಳ ಆಡಿದ್ದೇ ತಪ್ಪು ಜಾಗದಲ್ಲಿ. ಒಂದೇ ಮುಖವಾ ಹತ್ತು ಮುಖವಾ ಅಂತ ಕೇಳೋಕೆ ಮುಂಚೆ ಪಾತ್ರ ಆರಿಸೋರು ಯಾರು ಅಂತ ಕೇಳಬೇಕಿತ್ತು.

ಮಾವ: ಆರಿಸೋದು ಸ್ಟುಡಿಯೋ. ಏಳು ವರ್ಷದ ಕರಾರು. ಕೊಟ್ಟ ಪಾತ್ರ ಮಾಡಲ್ಲ ಅಂದರೆ ಸಂಬಳ ಇಲ್ಲದೆ ಮನೆಗೆ, ಆ ದಿನಗಳನ್ನೂ ಕರಾರಿನ ಬಾಲಕ್ಕೆ ಸೇರಿಸೋರು. ಬೆಟ್ಟಿ ಡೇವಿಸ್ 1936ರಲ್ಲಿ ಲಂಡನ್ನಿನ ಕೋರ್ಟಿನವರೆಗೂ ಹೋಗಿ ಸೋತಳು. ಒಲಿವಿಯಾ ಡಿ ಹ್ಯಾವಿಲೆಂಡ್ ಮತ್ತೆ ಕೇಸು ಹಾಕಿ ಗೆದ್ದಳು, ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ ಅಂತ ಕ್ಯಾಲಿಫೋರ್ನಿಯಾದ ಕೋರ್ಟು ಹೇಳಿತು. ನನ್ನ ಬೋಗಾರ್ಟ್‌ಗೂ ವರ್ಷಗಟ್ಟಲೆ ಬೇರೆ ರೌಡಿಗಳ ಕೈಲಿ ಗುಂಡು ತಿಂದು ಸಾಯೋದೇ ಕೆಲಸ ಆಗಿತ್ತು. ಜಾರ್ಜ್ ರಾಫ್ಟ್ ಬೇಡ ಅಂದ ಎರಡು ಪಾತ್ರ ಅವನ ಪಾಲಿಗೆ ಬಂದವು, ‘ಹೈ ಸಿಯೆರಾ’ ಮತ್ತು ‘ದಿ ಮಾಲ್ಟೀಸ್ ಫಾಲ್ಕನ್’. ಎರಡೂ 1941ರಲ್ಲಿ. ರಾಫ್ಟ್‌ಗೆ ಇನ್ನಷ್ಟು ಒಳ್ಳೇ ಬುದ್ಧಿ ಇದ್ದಿದ್ದರೆ ಬೋಗಾರ್ಟ್ ಯಾರು ಅಂತ ನಿನಗೆ ಗೊತ್ತೇ ಇರ್ತಿರಲಿಲ್ಲ.

ಸೊಸೆ: ಗ್ರಾಂಟು?

ಮಾವ: ಅವನೊಬ್ಬ ಜಾಣ. ಪ್ಯಾರಾಮೌಂಟ್ ಕರಾರು ಮುಗಿದದ್ದೇ ಮತ್ತೆ ಒಂದೇ ಸ್ಟುಡಿಯೋಗೆ ಕಟ್ಟುಬೀಳಲಿಲ್ಲ. ಯಾವ ಪಾತ್ರ, ಯಾರ ಜೊತೆ, ಎಷ್ಟಕ್ಕೆ, ಎಲ್ಲ ತಾನೇ ಆರಿಸಿದ. 1966ರಲ್ಲಿ ಸಾಕು ಅನ್ನಿಸಿತು, ನಿಲ್ಲಿಸಿದ. ಆಮೇಲೆ ಇಪ್ಪತ್ತು ವರ್ಷ ಬದುಕಿದ್ದರೂ ಕ್ಯಾಮೆರಾ ಮುಂದೆ ಬಣ್ಣ ಹಚ್ಚಲಿಲ್ಲ.

ಸೊಸೆ: ಅಂದರೆ ಒಂದೇ ಮುಖ ಅನ್ನೋದು ಅವನು ತಾನಾಗಿ ಹಾಕಿಕೊಂಡದ್ದು. ವೈಟ್‌ಗೆ, ಹ್ಯಾಟಿಗೆ ಬೇರೆಯವರು ಹಾಕಿದ್ದು.

ಮಾವ: ಅದೇ ಮಾತು ಬಂತು ನೋಡು. ನಮ್ಮೂರ ಹುಡುಗನೊಬ್ಬ ಇದ್ದನಲ್ಲ.

ಸೊಸೆ: ಸಾಬು.

ಮಾವ: ಸಾಬು. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದವನು, 1924ರಲ್ಲಿ ಹುಟ್ಟಿದ್ದು. ಇಲ್ಲಿಂದ ಬಸ್ಸಿನಲ್ಲಿ ಹೋದರೆ ಎರಡು ಗಂಟೆಯ ದಾರಿ. ಅಪ್ಪ ಮಹಾರಾಜರ ಆನೆಗಳ ಮಾವುತ. ಅಪ್ಪ ತೀರಿಕೊಂಡ ಮೇಲೆ ಹುಡುಗ ಅರಮನೆಯ ಆನೆಲಾಯದಲ್ಲಿದ್ದ. ರಾಬರ್ಟ್ ಫ್ಲಾಹರ್ಟಿ ಕಿಪ್ಲಿಂಗನ ಕಥೆ ಚಿತ್ರ ಮಾಡೋಕೆ ಮೈಸೂರಿಗೆ ಬಂದ, ಅವನ ಕಡೆಯವರ ಕಣ್ಣಿಗೆ ಈ ಹುಡುಗ ಬಿದ್ದ. ‘ಎಲಿಫೆಂಟ್ ಬಾಯ್’, 1937. ಅದರ ಆನೆಯೂ ಅರಮನೆಯದೇ, ಐರಾವತ. ಆನೆ ಸೊಂಡಿಲಲ್ಲಿ ಎತ್ತಿಕೊಳ್ಳುತ್ತೆ, ಹುಡುಗ ನಗ್ತಾನೆ. ಆ ನಗೆಗೆ ಯಾವ ನಿರ್ದೇಶಕನೂ ಬೇಕಿರಲಿಲ್ಲ. ನಮ್ಮಪ್ಪ ಸಾಯೋವರೆಗೂ ಹಾಲಿವುಡ್ ಅಂತ ಯಾರಾದರೂ ಬಾಯಿಬಿಟ್ಟರೆ, ನಮ್ಮ ಹುಡುಗ ಹೋಗಿದ್ದನಲ್ಲ ಅಲ್ಲಿಗೆ, ಅನ್ನೋರು. ಒಂದು ಸಲ ಕಣ್ಣಲ್ಲಿ ಕಂಡವರೂ ಅಲ್ಲ.

ಸೊಸೆ: ನಾನು ನೋಡಿದ್ದೀನಿ. ಕಾಡು, ಆನೆ, ಹೊಳೆ ಎಲ್ಲ ಇಲ್ಲಿಯದು. ಮಾತಿನ ದೃಶ್ಯ ಬಂದ ಕೂಡಲೇ ಇಂಗ್ಲೆಂಡಿನ ಸ್ಟುಡಿಯೋ. ಅವನ ಅಪ್ಪನ ಪಾತ್ರಕ್ಕೆ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷಿನವನು. ನಿಜವಾದ ಮಾವುತನ ಮಗ, ಬಣ್ಣದ ಮಾವುತನನ್ನ ಅಪ್ಪ ಅಂತ ಕರೀತಾನೆ. ಅದನ್ನ ನೋಡೋಕೆ ಒಂಥರಾ ಆಗುತ್ತೆ.

ಮಾವ: ‘ದಿ ಥೀಫ್ ಆಫ್ ಬಾಗ್ದಾದ್’ ನೋಡಿದೆಯಲ್ಲ?

ಸೊಸೆ: ಅದರಲ್ಲಿ ಮಂತ್ರವಾದಿ ನಿಮ್ಮ ಕಾನ್ರಾಡ್ ವೈಟ್! ಎಲ್ಲ ಸಾಹಸವೂ ಸಾಬುವಿನದೇ. ಜೇಡನ ಜೊತೆ ಕಾದಾಡೋನು ಅವನು, ಭೂತವನ್ನ ಮಾತಿನಲ್ಲೇ ಮರುಳು ಮಾಡಿ ಸೀಸೆಗೆ ಇಳಿಸೋನು ಅವನು, ಬಾಣ ಬಿಟ್ಟು ವೈಟ್‌ನ ಕೊಲ್ಲೋನೂ ಅವನೇ. ಕೊನೆಗೆ ರಾಜಕುಮಾರಿ ಸಿಗೋದು ಜಾನ್ ಜಸ್ಟಿನ್‌ಗೆ. ಸಾಬುಗೆ ಹಾರೋ ಕಂಬಳಿ.

ಮಾವ: ಕಂಬಳಿ ಹತ್ತಿ ಕೈಬೀಸಿ ಹೋಗ್ತಾನೆ. ಚಿಕ್ಕವನಿದ್ದಾಗ ನನಗೆ ಅದೇ ಸರಿ ಅನ್ನಿಸಿತ್ತು, ರಾಜಕುಮಾರಿಗಿಂತ ಕಂಬಳಿ ಮೇಲು ಅಂತ. ಆ ಪಿಕ್ಚರು ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧ ಬಂದದ್ದರಿಂದ ಹಾಲಿವುಡ್ಡಿನಲ್ಲಿ ಮುಗೀತು. ಸಾಬು ಅಲ್ಲೇ ಉಳಿದ. 1942ರಲ್ಲಿ ಮೌಗ್ಲಿ ಆದ. ಆಮೇಲೆ ಯೂನಿವರ್ಸಲ್‌ನವರು ಮಾರಿಯಾ ಮಾಂಟೆಜ್, ಜಾನ್ ಹಾಲ್ ಜೊತೆ ಸಾಲಾಗಿ ಹಾಕಿದರು, ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’. ಮೂರರಲ್ಲೂ ನಾಯಕನ ಬಂಟ. 1944ರಲ್ಲಿ ಅಮೆರಿಕದ ಪೌರನಾದ, ಯುದ್ಧಕ್ಕೆ ಹೋದ, ಬಾಂಬರಿನಲ್ಲಿ ಬಂದೂಕು ಹಿಡಿದು ಪೆಸಿಫಿಕ್ ಮೇಲೆ ಹಾರಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪಡೆದ. ಈಗ ನೀನೇ ಲೆಕ್ಕ ಹಾಕು. ಸ್ಟುವರ್ಟೂ ಬಾಂಬರಿನಿಂದ ಇಳಿದು ಬಂದ, ಸಾಬುವೂ ಬಾಂಬರಿನಿಂದ ಇಳಿದು ಬಂದ. ಇವನ ಮುಖದಲ್ಲಿ ಆ ಯುದ್ಧ ಏನು ಬರೆದಿತ್ತು ಅಂತ ಕ್ಲೋಸಪ್ ಹಾಕಿ ನೋಡೋಕೆ ಒಬ್ಬ ಕಾಪ್ರಾ ಇರಲಿಲ್ಲ, ಒಬ್ಬ ಹಿಚ್‌ಕಾಕ್ ಇರಲಿಲ್ಲ.

ಸೊಸೆ: ‘ಬ್ಲ್ಯಾಕ್ ನಾರ್ಸಿಸಸ್’?

ಮಾವ: ಅದು ಹಾಲಿವುಡ್ ಅಲ್ಲ, ಪೊವೆಲ್ ಮತ್ತು ಪ್ರೆಸ್‌ಬರ್ಗರ್, ಇಂಗ್ಲೆಂಡು. ಆದರೂ ಹೇಳು.

ಸೊಸೆ: ಅದರಲ್ಲಿ ಅವನಿಗೆ ಆನೆ ಇಲ್ಲ, ಲಂಗೋಟಿ ಇಲ್ಲ. ಜರತಾರಿ ಅಂಗಿ, ಮುತ್ತಿನ ಹಾರ, ಲಂಡನ್ನಿನ ಅಂಗಡಿಯಿಂದ ತರಿಸಿದ ಸೆಂಟು. ಆ ಸೆಂಟಿನ ಹೆಸರೇ ಚಿತ್ರದ ಹೆಸರು. ಸನ್ಯಾಸಿನಿಯರ ಶಾಲೆಗೆ ಪಾಠ ಕಲಿಯೋಕೆ ಬಂದು ಕೂರ್ತಾನೆ, ಎಷ್ಟು ಗಂಭೀರವಾಗಿ ಅಂದರೆ ನಗು ಬರುತ್ತೆ, ಅಯ್ಯೋ ಅನ್ನಿಸುತ್ತೆ, ಎರಡೂ ಒಟ್ಟಿಗೆ. ಅವನು ಎಂಥ ನಟ ಅಂತ ನನಗೆ ಗೊತ್ತಾದದ್ದು ಅಲ್ಲೇ. ಅಲ್ಲಿ ಹುಡುಗಿಯೂ ಸಿಗ್ತಾಳೆ. ಆ ಹುಡುಗಿ ಜೀನ್ ಸಿಮನ್ಸ್, ಮತ್ತೆ ಅದೇ ಕಂದು ಬಣ್ಣ.

ಮಾವ: ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಅವನನ್ನೇ. ಹುಟ್ಟಿದ ದೇಶದಲ್ಲಿ ಕೆಲಸ ಮಾಡೋಕೆ ಪರವಾನಗಿ ಸಿಗಲಿಲ್ಲ, ಅಷ್ಟು ಹೊತ್ತಿಗೆ ಅಮೆರಿಕದವನಾಗಿದ್ದನಲ್ಲ. ಪಾತ್ರ ಸುನೀಲ್ ದತ್ ಪಾಲಾಯ್ತು. ತಾಯಿಯ ಕೈಲೇ ಗುಂಡು ತಿನ್ನೋ ಮಗ! ಆ ಒಂದು ಸಿಕ್ಕಿದ್ದರೆ ಇವತ್ತು ನಾವು ಅವನ ಬಗ್ಗೆ ಬೇರೆ ಥರ ಮಾತಾಡ್ತಿದ್ದೆವು.

ಸೊಸೆ: ಐವತ್ತರ ದಶಕದಲ್ಲಿ ಏನು ಮಾಡ್ತಿದ್ದ ಮತ್ತೆ?

ಮಾವ: ಇಂಗ್ಲೆಂಡಿನಲ್ಲಿ ಸರ್ಕಸ್ಸು, ಆನೆಗಳ ಜೊತೆ. ಇಟಲಿಯಲ್ಲಿ ಡಿ ಸಿಕಾ ಜೊತೆ ಒಂದು ಪಿಕ್ಚರು. ಅದರಲ್ಲೂ ಆನೆ. 1960ರಲ್ಲಿ ಹಾಲಿವುಡ್ಡಿನ ಫುಟ್‌ಪಾತಿನಲ್ಲಿ ಅವನ ಹೆಸರಿಗೆ ಒಂದು ನಕ್ಷತ್ರ ಹಾಕಿದರು. ಗ್ರಾಂಟಿಗೆ ಹಾಕಿದ ಹಾಗೇ, ಅಷ್ಟೇ ಅಗಲದ್ದು.

ಸೊಸೆ: ಕೊನೇ ಪಾತ್ರ ಯಾವುದು ಮಾವ?

ಮಾವ: ಡಿಸ್ನಿಯವರ ‘ಎ ಟೈಗರ್ ವಾಕ್ಸ್’. ಸರ್ಕಸ್ಸಿನಿಂದ ಹುಲಿ ತಪ್ಪಿಸಿಕೊಳ್ಳುತ್ತೆ, ಅದನ್ನ ನೋಡಿಕೊಳ್ಳೋ ಇಂಡಿಯಾದವನು ಇವನು. ಬಿಡುಗಡೆಯಾದದ್ದು 1964ರಲ್ಲಿ. ಅದನ್ನ ನೋಡೋಕೆ ಸಾಬು ಇರಲಿಲ್ಲ. 1963ರ ಡಿಸೆಂಬರ್ 2ಕ್ಕೆ ಹೃದಯಾಘಾತ ಆಗಿ ತೀರಿಕೊಂಡ. ಮೂವತ್ತೊಂಬತ್ತು ವರ್ಷ.